ಹೆಬ್ಬೆಟ್ಟು ಹಿಡಿಯುವ ಕೈ

“ಅಲ್ಲೇ ನಿಂದ್ರಲೇ ಬೋಳಿಮಗನ. ನಿನ್ನ ನೆಳ್ಳು ಕಾಗದದ ಮ್ಯಾಲ ಬೀಳಲಿಕತ್ತದ, ಹಿಂದ ಸರಿ.”

ಊರಿನ ಲೆಕ್ಕಪತ್ರ ಬರೆಯುವ ಪಟವಾರಿ ನರಸಿಂಗರಾಯರು ಚಾವಡಿಯ ಕಟ್ಟೆಯ ಮೇಲಿಂದ ಕೂಗಿದ ರಭಸಕ್ಕೆ ಭೀಮಶಾ ಹಿಂದೆ ಸರಿದ. ಅವನ ಜೊತೆ ನೆರಳೂ ಸರಿಯಿತು. ಹೇಳದೆಯೇ ಸರಿದದ್ದಕ್ಕೆ ಅದನ್ನು ಯಾರೂ ಬೈಯಲಿಲ್ಲ.

ಭೀಮಶಾ ಹಡಗಿನ ಆಳು. ಕಾಗಿಣಾ ಹೊಳೆಗಿಂತ ದೊಡ್ಡ ನೀರು ಕಾಣದ ಊರಿನಲ್ಲಿ ಹುಟ್ಟಿ, ಊರ ಗೌಡರ ನೆಲಹಾಸಿನ ಪರಸಿಕಲ್ಲಿನ ಗಣಿಯಲ್ಲಿ ಬೆನ್ನು ಬಾಗಿಸಿಕೊಂಡಿದ್ದವನು ಯುದ್ಧದ ಕಾಲಕ್ಕೆ ಒಂದು ದಿನ ವಾಡಿ ಜಂಕ್ಷನ್ನಿನಲ್ಲಿ ಮದ್ರಾಸಿನಿಂದ ಬಂದ ಗಾಡಿ ಹತ್ತಿ ಬೊಂಬಾಯಿ ಸೇರಿಬಿಟ್ಟ. ಅಲ್ಲಿ ಹಡಗಿನ ಹೊಟ್ಟೆಯೊಳಗೆ ಇಳಿದು ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸ ಸಿಕ್ಕಿತು. ಬೆವರು ಇಲ್ಲಿಗಿಂತ ಹೆಚ್ಚೇ ಸುರಿಯಿತು, ಬೈಗುಳವೂ ಕಡಿಮೆಯಿರಲಿಲ್ಲ. ಆದರೆ ಅಲ್ಲಿನವರು ಬೆಂಕಿ ಆರಿದಾಗ ಬೈಯುತ್ತಿದ್ದರು, ಬೆಂಕಿ ಉರಿಯುವಾಗ ಸುಮ್ಮನಿರುತ್ತಿದ್ದರು.

ಜಹಾಜಿನವರಿಗೆ ಒಂದು ಪುಸ್ತಕವಿರುತ್ತದೆ. ಇವನು ಯಾವ ಹಡಗಿನಲ್ಲಿ ದುಡಿದ, ನಡತೆ ಹೇಗೆ ಎಂದು ಕಪ್ತಾನರು ಬರೆದು ಸಹಿ ಹಾಕುವ ಪುಸ್ತಕ. ಅದಿಲ್ಲದವನನ್ನು ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಭೀಮಶಾನ ಪುಸ್ತಕದಲ್ಲಿ ‘ನಿಜಾಮರ ಪ್ರಜೆ’ ಎಂದು ಬರೆದಿತ್ತು. ನಿಜಾಮರ ಆಳಿಕೆ ಮುಗಿದು ವರ್ಷಗಳೇ ಕಳೆದಿದ್ದರೂ ಆ ಪುಸ್ತಕದಲ್ಲಿ ಮಾತ್ರ ಅವರು ಇನ್ನೂ ಗದ್ದುಗೆ ಬಿಟ್ಟಿರಲಿಲ್ಲ. ಈಗ ಅದನ್ನು ಹೊಸದು ಮಾಡಿಸಬೇಕಾಗಿತ್ತು. ಈತ ನಮ್ಮ ಊರಿನ ಭೀಮಶಾನೇ ಹೌದು ಎಂದು ಊರಿನ ಪೊಲೀಸ್ ಪಾಟೀಲರು ತಮ್ಮೆದುರಿಗೆ ಹೆಬ್ಬೆಟ್ಟು ಒತ್ತಿಸಿ, ಸಹಿ ಮಾಡಿ ಕೊಡಬೇಕು. ಆ ಹೆಬ್ಬೆಟ್ಟನ್ನು ಬೊಂಬಾಯಿಯವರು ಹಳೆಯ ಪುಸ್ತಕದ ಹೆಬ್ಬೆಟ್ಟಿನ ಜೊತೆ ಹಚ್ಚಿ ನೋಡುತ್ತಾರೆ. ಅವನ ಹಡಗು ಬಂದು ಹೊರಡುವುದರೊಳಗೆ ಪುಸ್ತಕ ಸಿಗದಿದ್ದರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಭೀಮಶಾ ತಿರುಗಿ ಗೌಡರ ಗಣಿಗೆ.

ಪೊಲೀಸ್ ಪಾಟೀಲರೆಂದರೆ ಅದೇ ಗಣಿಯ ಒಡೆಯರಾದ ಬಸವಂತರಾಯ ಗೌಡರು. ಚಾವಡಿಯ ಗೋಡೆಯ ಮೇಲೆ ಬಸವಣ್ಣನವರ ಪಟ, ಪಟದ ಕೆಳಗೆ ಲೋಡು, ಲೋಡಿಗೆ ಒರಗಿ ಗೌಡರು.

“ಏನೋ ಭೀಮ್ಯಾ, ಇಲ್ಲಿ ಕಲ್ಲ ಎತ್ತಲಿಕ್ಕ ಏನ್ ಧಾಡಿ ನಿನಗ? ಸಮುದ್ರದಾಗ ಬಿದ್ದು ಸತ್ರ ಹೆಣಾನೂ ಸಿಗಂಗಿಲ್ಲ.”

“ಇಲ್ಲಿ ಸತ್ರ ಸಿಗ್ತದ್ರಿ ಎಪ್ಪಾ. ನೀವು ಸತ್ರೂ ನಾವು ಸತ್ರೂ ಸುದ್ದಿ ಮುಟ್ಟಿಸೋರು ನಾವೇ ಅಲ್ರಿ.”

ಇದು ವಿನಯವೋ ಕೊಬ್ಬೋ ಗೌಡರಿಗೆ ತಿಳಿಯಲಿಲ್ಲ. ಎಲೆಯಡಿಕೆ ಉಗುಳಿ, ಹಾಕಿಸಿರೆಂದು ಪಟವಾರಿಗೆ ಕೈಸನ್ನೆ ಮಾಡಿದರು. ಇಲ್ಲ ಎಂದರೆ ಮೇಲಿನ ಕಚೇರಿಗೆ ಅರ್ಜಿ ಹೋಗುತ್ತದೆ. ಹ್ಞೂಂ ಎಂದು ಕೆಡಿಸಿಟ್ಟರೆ ಕೇಳುವವರಿಲ್ಲ. ಊರು ಆಳಿದ ಮನೆತನಕ್ಕೆ ಇಷ್ಟು ಗೊತ್ತಿರದೆ ಇದ್ದೀತೆ.

ಪಟವಾರಿಯವರು ಮಸಿಯ ಡಬ್ಬಿಯನ್ನು ಕಟ್ಟೆಯಿಂದ ಕೆಳಗೆ ಎಸೆದರು. ಕಾಗದವನ್ನು ಮಣ್ಣಿನ ಮೇಲೆ ಹರಡಿಸಿ ಮೂಲೆಗೊಂದು ಪರಸಿಕಲ್ಲಿನ ಚೂರು ಇಡಿಸಿದರು. ಭೀಮಶಾ ಮೊಣಕಾಲೂರಿ ಒತ್ತಿದ. ಗಾಳಿ ಬಂತು, ಕಾಗದ ಅಲುಗಿತು, ಕೆಳಗಿನ ಮಣ್ಣಿನ ಹರಳು ಒತ್ತಿತು. ಮೂಡಿದ ಗುರುತು ಕಾಗೆ ಹಿಕ್ಕೆ ಹಾಕಿದಂತಿತ್ತು.

“ಭೇಷ್ ಬಂದದ,” ಎಂದರು ಪಟವಾರಿಯವರು, ನೋಡದೆಯೇ.

ಕಾಗದ ಬೊಂಬಾಯಿಗೆ ಹೋಯಿತು. ಅಲ್ಲಿಂದ ಉತ್ತರ ಬಂದದ್ದು ವಾಡಿ ಸ್ಟೇಷನ್ನಿನ ಎದುರಿನ ಗನಿಸಾಬನ ಚಹಾದ ಹೋಟೆಲಿಗೆ. ಗನಿಸಾಬ ಮೊದಲು ಹಡಗಿನ ಅಡುಗೆಮನೆಯಲ್ಲಿದ್ದವನು; ಭೀಮಶಾನ ಪತ್ರಗಳು ಅವನ ಹೆಸರಿಗೇ ಬರುತ್ತಿದ್ದವು, ಓದಿ ಹೇಳುವವನೂ ಅವನೇ.

“ಬೆಟ್ಟು ಸಾಫ್ ಇಲ್ಲ ಅಂತ ಬರದಾರ ನೋಡು ಭೈ. ಅಧಿಕಾರಿ ತಾನೇ ನಿನ್ನ ಕೈ ಹಿಡಿಬೇಕಂತ. ಹಿಡ್ದು, ಉಗುರಿನ ಈ ಅಂಚಿನಿಂದ ಆ ಅಂಚಿಗೆ ಹೊಳ್ಳಿಸಿ ಒತ್ತಿಸಬೇಕಂತ.”

“ಕೈ ಹಿಡಿಬೇಕಂತ?”

“ಹಂಗೇ ಬರದಾರ. ಬೊಂಬಾಯಿ ಸಾಹೇಬಗ ನಿಮ್ಮೂರ ಹಕೀಕತ್ ಏನ್ ಗೊತ್ತು ಪಾಪ.”

ಇಬ್ಬರೂ ಬಸಿಯಲ್ಲಿದ್ದ ಚಹಾ ಚೆಲ್ಲುವಷ್ಟು ನಕ್ಕರು.

ಆಗಷ್ಟೇ ಸರ್ಕಾರದವರು ಅಸ್ಪೃಶ್ಯತೆ ಅಪರಾಧವೆಂದು ಕಾಯಿದೆ ಮಾಡಿದ್ದರು. ಅದರ ಪ್ರಕಟಣೆ ಚಾವಡಿಗೂ ಬಂದಿತ್ತು. ಅದನ್ನು ಪಟವಾರಿಯವರೇ ಡಂಗುರ ಸಾರಿಸಿ, ಹೊಲಗೇರಿಯವರನ್ನೆಲ್ಲ ಕಟ್ಟೆಯ ಕೆಳಗೆ ದೂರದಲ್ಲಿ ನಿಲ್ಲಿಸಿ, ಕಟ್ಟೆಯ ಮೇಲಿಂದ ಗಟ್ಟಿಯಾಗಿ ಓದಿ ಹೇಳಿದ್ದರು. ಮುಗಿಸಿದ ಮೇಲೆ ಸ್ನಾನಕ್ಕೆ ಹೋಗಿದ್ದರು.

ಹೀಗಾಗಿ ಬೊಂಬಾಯಿಯ ಕಾಗದ ನೋಡಿ ಅವರು ಇಕ್ಕಟ್ಟಿಗೆ ಬಿದ್ದರು. ಮುಟ್ಟುವುದಿಲ್ಲ ಎಂದು ಬರೆದುಕೊಡುವ ಹಾಗಿಲ್ಲ, ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ. ತಲೆ ಕೆರೆದುಕೊಂಡು ಕುಳಿತವರು ಥಟ್ಟನೆ ಎದ್ದು ಗೌಡರ ಮನೆಗೆ ಆಳು ಕಳಿಸಿ ಒಲೆಯ ಚಿಮಟ ತರಿಸಿದರು.

“ಬೆಟ್ಟು ಮುಂದ ಮಾಡು. ಅಲುಗಬ್ಯಾಡಲೇ.”

ಕೆಂಡ ಹಿಡಿಯುವ ಚಿಮಟದಿಂದ ಪಟವಾರಿಯವರು ಭೀಮಶಾನ ಹೆಬ್ಬೆಟ್ಟನ್ನು ಹಿಡಿದರು. ಡಬ್ಬಿಗೆ ಒತ್ತಿದರು, ಎತ್ತಿದರು, ಕಾಗದಕ್ಕೆ ಒತ್ತಿ ಹೊಳ್ಳಿಸಿದರು. ಭೀಮಶಾನ ಕಣ್ಣಲ್ಲಿ ನೀರು ಬಂತು. ಗೌಡರಿಗೂ ಬಂತು, ನಕ್ಕು ನಕ್ಕು. ಮನೆಯಿಂದ ಗೌಡತಿ ಶಿವಕಾಂತಮ್ಮ ಆಳಿನ ಬಾಯಲ್ಲಿ ಹೇಳಿ ಕಳಿಸಿದಳು: “ಆ ಚಿಮಟಾ ಇನ್ನ ನನ್ನ ಒಲಿ ಹತ್ರ ತರಬ್ಯಾಡ್ರಿ, ಅವನಿಗೇ ಕೊಟ್ಟು ಕಳಸ್ರಿ.”

ಭೀಮಶಾ ಬಾತ ಹೆಬ್ಬೆಟ್ಟನ್ನು ಊದಿಕೊಳ್ಳುತ್ತ ಚಿಮಟ ಹಿಡಿದು ಮನೆಗೆ ಬಂದ. ಹೆಂಡತಿ ಸಾಬಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಗಟ್ಟಿ ಅದ, ರೊಟ್ಟಿಗೆ ಆಗ್ತದ,” ಎಂದಳು. ಆಮೇಲೆ ಗಂಡನ ಬೆಟ್ಟು ನೋಡಿ ಅವಳ ದನಿ ಬದಲಾಯಿತು. “ಗಣಿಯಾಗ ಕಲ್ಲ ಲಗು ಎತ್ತಲಿಲ್ಲಂತ ನಿನ್ನ ಕಪಾಳಕ್ಕ ಹೊಡದಿದ್ನಲ್ಲ ಗೌಡ, ಕೈಲೇ ಹೊಡದಿದ್ದ. ಅವತ್ತು ಚಿಮಟಾ ತಂದಿದ್ನೇನು?”

ಇಷ್ಟು ವರ್ಷ ತನಗೇಕೆ ಇದು ಹೊಳೆಯಲಿಲ್ಲವೆಂದು ಭೀಮಶಾನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮುಂದಿನ ಪತ್ರ ಓದುವಾಗ ಗನಿಸಾಬ ನಗಲಿಲ್ಲ.

“ಈ ಬೆಟ್ಟಿನಾಗ ಅಡ್ಡ ಗೆರಿ ಬಿದ್ದದಂತ. ಹಳೀ ಪುಸ್ತಕದಾಗ ಆ ಗೆರಿ ಇಲ್ಲಂತ. ಇಂವ ಭೀಮಶಾ ಅಲ್ಲ, ಯಾರೋ ಭೀಮಶಾನ ಪುಸ್ತಕ ಕದ್ದಾನ ಅಂತ ಅವರಿಗೆ ಶಕ್ ಬಂದದ.”

“ನಾ ಭೀಮಶಾ ಅಲ್ಲಾಂದ್ರ ಮತ್ಯಾರು?”

“ಅದು ಚಿಮಟಾದ ಗೆರಿ ಅಂತ ಬರೀಲೇನು ನಾ? ನಂಬ್ತಾರೇನು?” ಗನಿಸಾಬ ಕಾಗದ ಮಡಚಿದ. “ಇನ್ನೊಂದೇ ಸಲ ನೋಡ್ತಾರಂತ. ಈ ಸಲ ಸಾಫ್ ಬರಲಿಲ್ಲಾಂದ್ರ ಪುಸ್ತಕ ರದ್ದು. ಹಡಗ ಬಂದು ನಿಂತದ ಭೈ.”

ಬೈಸಿಕೊಂಡದ್ದು, ಹೊಡೆಸಿಕೊಂಡದ್ದು, ಎಲ್ಲವನ್ನೂ ಭೀಮಶಾ ನುಂಗಿದ್ದ. ಈಗ ಅವನು ಅವನೇ ಅಲ್ಲವಂತೆ, ಅದೂ ಒಬ್ಬ ಮಡಿವಂತನ ದೆಸೆಯಿಂದ. ವಾಡಿಯಿಂದ ಊರಿನವರೆಗೂ ಅವನು ಒಬ್ಬನೇ ಬೈದುಕೊಳ್ಳುತ್ತ ನಡೆದ. ಬೊಂಬಾಯಿಯ ಹಡಗುಕಟ್ಟೆಯಲ್ಲಿ ಕಲಿತಿದ್ದ ಹಿಂದಿ, ಮರಾಠಿ, ಕೊಂಕಣಿ ಬೈಗುಳಗಳೆಲ್ಲ ದಾರಿಯಲ್ಲೇ ಖರ್ಚಾದವು.

ಬೆಟ್ಟಿನ ಬಾವು ಇಳಿದು ಗೆರೆ ಮಾಸಿದ ಕೂಡಲೇ ಚಾವಡಿಗೆ ಹೋದ. ಸಾಬಮ್ಮ ಬೆನ್ನಿಗೆ ಬಂದಳು, ಅವಳ ಬೆನ್ನಿಗೆ ಕೇರಿಯ ಹೆಂಗಸರು. ಚಿಮಟದ ಸುದ್ದಿ ಊರೆಲ್ಲ ಹಬ್ಬಿತ್ತು. ಈ ಸಲ ಏನು ತರಿಸುತ್ತಾರೋ ನೋಡೋಣವೆಂದು ಮೇಲುಕೇರಿಯವರೂ ನೆರೆದಿದ್ದರು.

ಪಟವಾರಿಯವರು ಈ ಸಲ ಎರಡು ಬಾಳೆಲೆ ಇಟ್ಟುಕೊಂಡಿದ್ದರು, ಕೈಗೆ ಸುತ್ತಿಕೊಳ್ಳಲು. ಎಂದಿನಂತೆ ಡಬ್ಬಿಯನ್ನು ಕೆಳಗೆ ಎಸೆದರು.

ಭೀಮಶಾ ಡಬ್ಬಿ ತೆರೆದ. ಹೆಬ್ಬೆಟ್ಟಿಗೆ ಮಾತ್ರವಲ್ಲ, ಎರಡೂ ಅಂಗೈಗಳಿಗೆ ಮಸಿ ಬಳಿದುಕೊಂಡ. ಡಬ್ಬಿಯನ್ನು ಕೆಳಗಿಟ್ಟು ಮೆಟ್ಟಿಲು ಹತ್ತಿದ. ಅವನ ಅಪ್ಪ, ಅಜ್ಜ ಯಾರೂ ಹತ್ತಿದ ಮೆಟ್ಟಿಲಲ್ಲ ಅದು. ಆದರೂ ಕಾಲು ನಿಲ್ಲಲಿಲ್ಲ.

“ಏ ಹೊಲ್ಯಾ, ಇಳಿ ಕೆಳಗ. ತಲಿ ಕೆಟ್ಟದೇನಲೇ ಸೂಳೇಮಗನ,” ಗೌಡರು ಲೋಡು ಬಿಟ್ಟು ಎದ್ದು ಕುಳಿತರು. “ಏ ತಳವಾರ, ಎಳದು ಒಗಿ ಇವನಿಗೆ.”

ತಳವಾರ ಸಂಗಣ್ಣ ತೋಳೇರಿಸಿ ಬಂದವನು ಭೀಮಶಾನ ಕರಿ ಕೈ ನೋಡಿ ನಿಂತುಬಿಟ್ಟ.

“ಗೌಡ್ರೆ, ಕೈತುಂಬ ಮಸಿ ಹಚ್ಚಿಕೊಂಡಾನ್ರಿ.”

“ಮಸಿ ಹತ್ತಿದ್ರ ಸಾಯ್ತಿಯೇನಲೇ?”

“ಮುಟ್ಟಿದ್ದು ಮಂದಿಗೆ ಕಾಣ್ತದಲ್ರಿ.”

ಸಂಗಣ್ಣ ಹಿಂದೆ ಸರಿದ. ಕಟ್ಟೆಯ ಮೇಲಿದ್ದ ಹಿರಿಯರು ಧೋತರ ಎತ್ತಿಕೊಂಡು ಪಕ್ಕಕ್ಕೆ ಹಾರಿದರು. ಪಟವಾರಿಯವರೂ ಹಾರುತ್ತಿದ್ದರು, ಹಿಂದೆ ಗೋಡೆ, ಮುಂದೆ ಮೇಜು.

“ರಾಯರ, ನೀವು ನನ್ನ ಕೈ ಹಿಡಿರಿ. ಇಲ್ಲಾಂದ್ರ ನಾ ನಿಮ್ಮ ಕೈ ಹಿಡೀತೀನಿ. ಯಾವುದಾದ್ರೂ ನನಗ ನಡೀತದ.”

ಪಟವಾರಿಯವರು ಗೌಡರ ಕಡೆ ನೋಡಿದರು. ಗೌಡರು ಎರಡೂ ಕಾಲನ್ನು ಲೋಡಿನ ಮೇಲೆ ಎಳೆದುಕೊಂಡಿದ್ದರು. ಬಾಳೆಲೆ ಕೆಳಗೆ ಬಿದ್ದಿತ್ತು. ಪಟವಾರಿಯವರು ಕಣ್ಣು ಮುಚ್ಚಿ, ತುಟಿಯಲ್ಲೇ ದೇವರ ಹೆಸರು ಹೇಳುತ್ತ, ಭೀಮಶಾನ ಹೆಬ್ಬೆಟ್ಟು ಹಿಡಿದರು. ಹಿಡಿದ ಮೇಲೆ ಹಳೆಯ ನೌಕರಿಯ ಅಭ್ಯಾಸ ತಾನಾಗಿ ಕೆಲಸ ಮಾಡಿತು: ಮೇಜಿನ ಮೇಲಿದ್ದ ಕಾಗದಕ್ಕೆ ಮೆಲ್ಲನೆ ಇಟ್ಟರು, ಹದವಾಗಿ ಹೊಳ್ಳಿಸಿದರು, ಸರಕ್ಕನೆ ಎತ್ತಿದರು. ಗೆರೆಗೆ ಗೆರೆ ಬಿಡಿಸಿಕೊಂಡು ಮೂಡಿತ್ತು.

“ಛಂದ ಬಂತು,” ಎಂದುಬಿಟ್ಟರು ಕಣ್ಣು ತೆರೆದು. ಆಮೇಲೆ ತಮ್ಮ ಕೈಗೆ ಹತ್ತಿದ ಮಸಿ ನೋಡಿಕೊಂಡು ಅಲ್ಲೇ ಕುಸಿದು ಕುಳಿತರು.

ಭೀಮಶಾ ಬಿದ್ದಿದ್ದ ಬಾಳೆಲೆಯಲ್ಲಿ ಕಾಗದದ ಅಂಚು ಹಿಡಿದು ಗೌಡರ ಮುಂದೆ ಚಾಚಿದ. ಕಾಗದಕ್ಕಿಂತ ಒಂದು ಗೇಣು ಮುಂದೆ ಅವನ ಇನ್ನೊಂದು ಕೈ ಇತ್ತು.

“ಸಹಿ ಮಾಡ್ರಿ ಎಪ್ಪಾ.”

ಗೌಡರ ಸಹಿ ಹುಟ್ಟಿನಿಂದ ಇಷ್ಟು ಬೇಗ ಬಿದ್ದಿರಲಿಲ್ಲ. ಲೇಖನಿ ಬಿಸಾಕಿ ಹಲ್ಲು ಕಡಿಯುತ್ತ ಹೇಳಿದರು: “ಹೋಗು ಮಗನ, ಹೋಗು. ನೀ ಸಮುದ್ರದಾಗ ಇರ್ತಿ. ನಿನ್ನ ಹೆಂಡ್ತಿ ಇಲ್ಲೇ ಇರ್ತಾಳ, ಇದೇ ಊರಾಗ. ನೆಪ್ಪಿರಲಿ.”

ಇದನ್ನು ಭೀಮಶಾ ಯೋಚಿಸಿರಲಿಲ್ಲ.

“ನೆಪ್ಪದರಿ ಗೌಡ್ರೆ,” ಎಂಬ ದನಿ ಹಿಂದಿನಿಂದ ಬಂತು. ಸಾಬಮ್ಮ ಯಾವಾಗಲೋ ಮೆಟ್ಟಿಲು ಹತ್ತಿ ಬಂದು ನಿಂತಿದ್ದಳು. “ಇಂವ ಅಲ್ಲಿಂದ ರೊಕ್ಕ ಕಳಸ್ತಾನ. ನಾನೇ ಸಾಬಮ್ಮ ಅಂತ ನೀವೇ ಹೇಳಬೇಕಂತ, ನಿಮ್ಮ ಮುಂದೇ ನನ್ನ ಬೆಟ್ಟು ಬೀಳಬೇಕಂತ, ಕಳಿಸಿದಾಗೆಲ್ಲ.” ಅವಳು ಮಸಿ ಮೆತ್ತಿದ ಹೆಬ್ಬೆಟ್ಟನ್ನು ಗೌಡರ ಮೂಗಿನ ಹತ್ತಿರಕ್ಕೆ ಚಾಚಿದಳು. “ಹಿಡಿರಿ. ಇವತ್ತಿನಿಂದೇ ರೂಢಿ ಆಗ್ಲಿ.”

ಗೌಡರು ಬೆನ್ನಿಗೆ ಗೋಡೆ ತಾಗುವವರೆಗೂ ಹಿಂದೆ ಸರಿದರು. ಕೆಳಗೆ ಮೆಟ್ಟಿಲ ಬಳಿ ಕೇರಿಯ ಹೆಂಗಸರು ಮಸಿಯ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು.