ಯಾವ ಸಾಲಿಗೆ ಎದ್ದು ಹೋದೆ

ಪಂಗಾನಿಯ ಕಡಲದಂಡೆಯ ಕಲಾಹಬ್ಬಕ್ಕೆ ಹೊರಟಾಗ ಮಗಳು ಜೋಖಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ಹಾಡು ಕೇಳೋಕೆ ಹೊರಟಿದೀಯೋ, ಮದುವೆ ಮಾಡ್ಕೊಳ್ಳೋಕೋ?" ಎಂದಳು.

"ನಿನಗ್ಯಾಕೇ ಉಸಾಬರಿ? ನಡಿ ಮುಂದೆ," ಎಂದೆ.

ಹಸಿರು ರೇಷ್ಮೆಯ ನಿಲುವಂಗಿ, ಕಿವಿಗೆ ಚಿನ್ನ, ಎದೆಗೆ ಮಲ್ಲಿಗೆಯ ಗೊಂಚಲು, ಮುಷ್ಟಿಯಲ್ಲಿ ಮಡಿಸಿದ ಹತ್ತು ಸಾವಿರ ಶಿಲ್ಲಿಂಗಿನ ನೋಟು. ಆ ನೋಟನ್ನು ಸರಿಯಾದ ಹೊತ್ತಿಗೆ ಕೊಡಬೇಕೆಂದೇ ನಾನು ಹೊರಟಿದ್ದು.

ಮದುವೆಗಳಲ್ಲಿ ಪಿಟೀಲಿನೊಂದಿಗೆ ತಾರಬ್ ಹಾಡುವಾಗ ಹಾಡುಗಾತಿಗೆ ನೋಟು ಕೊಡುವುದು ನಮ್ಮಲ್ಲಿ ಬರೀ ಮೆಚ್ಚುಗೆಯಲ್ಲ. ಯಾವ ಸಾಲಿಗೆ ಎದ್ದು ಹೋದೆಯೋ ಆ ಸಾಲು ನಿನ್ನ ಮಾತು. ಯಾರಿಗೆ ತಾಗಬೇಕೋ ಅವರಿಗೆ ತಾಗುತ್ತದೆ, ನೋಡುವವರು ಅಳೆದು ಸುರಿದು ಅರ್ಥ ಮಾಡಿಕೊಳ್ಳುತ್ತಾರೆ. ಆಮೇಲೆ "ನಾನು ಹಾಗೆ ಹೇಳಲಿಲ್ಲ" ಎಂದರೆ ನಾಯಿಯೂ ನಂಬುವುದಿಲ್ಲ.

ಏಳು ವರ್ಷದ ಹಿಂದೆ ನನ್ನ ಜೀವದ ಗೆಳತಿ ರಿಜಿಕಿಯ ಮಗಳ ಮದುವೆ. ಬೆಳಗಿನಿಂದ ಬಿರಿಯಾನಿ ಹಂಡೆಯ ಮುಂದೆ ಬೆಂದವಳು ನಾನು. ಅಯ್ಯೋ, ಹಾಡುಗಾತಿಗೆ ಇನ್ನೂ ಏನೂ ಕೊಟ್ಟಿಲ್ಲವಲ್ಲ ಎಂದು ನೆನಪಾಗಿ, ಕೈ ಒರೆಸಿಕೊಂಡು ನೇರ ಹೋಗಿ ನೋಟು ಕೊಟ್ಟೆ. ಆಗ ಆ ಹಾಡುಗಾತಿ ಬಿ ನಸ್ರಾ ಹಾಡುತ್ತಿದ್ದ ಸಾಲು, "ಒಲೆ ಹೂಡಿದವಳು ನೀನು, ಮೈ ಕಾಯಿಸಿಕೊಂಡವಳು ಇನ್ನೊಬ್ಬಳು." ರಿಜಿಕಿಯ ಗಂಡ ಹೇಮೆದಿ ಎರಡನೆಯವಳನ್ನು ಕಟ್ಟಿಕೊಂಡು ಆಗಿನ್ನೂ ಎರಡು ತಿಂಗಳು. ಇಡೀ ಚಪ್ಪರ ರಿಜಿಕಿಯ ಕಡೆ ತಿರುಗಿತು. ಈ ತತು, ಅಂದರೆ ನಾನು, ಹುಟ್ಟಾ ಬಾಯಿಬಡುಕಿ, ಒಪ್ಪುತ್ತೇನೆ. ಆದರೆ ಅವತ್ತು ಬಾಯಿ ತೆರೆದೇ ಇರಲಿಲ್ಲ, ಕೈ ಚಾಚಿದ್ದೆ ಅಷ್ಟೆ. ಅಂದಿನಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಳು.

ಈಗ ಅದೇ ಬಿ ನಸ್ರಾ ಹಬ್ಬಕ್ಕೆ ಬಂದಿದ್ದಾಳೆ. ಅವಳ ದೋಣಿಯ ಹಾಡಿನ ಎರಡನೆಯ ಚರಣದಲ್ಲಿ ಒಂದು ಸಾಲಿದೆ: "ತಪ್ಪಿದ್ದು ಕಾಲು ಗೆಳತಿ, ಮನಸ್ಸಲ್ಲ." ಆ ಸಾಲಿಗೆ ಎದ್ದು ಹೋಗುವುದು, ರಿಜಿಕಿ ನೋಡುವ ಹಾಗೆ ಕೊಡುವುದು. ನೋಟಿನಿಂದ ಕೆಟ್ಟದ್ದನ್ನು ನೋಟಿನಿಂದಲೇ ಸರಿಮಾಡಬೇಕು.

ಮಧ್ಯಾಹ್ನವೆಲ್ಲ ಚೆನ್ನಾಗಿಯೇ ಕಳೆಯಿತು. ಟಾಂಗಾ ಊರಿನ ಡೋಲಿನವರು ಮರಳು ಹಾರುವಂತೆ ಬಾರಿಸಿದರು. ಅವರ ನಂತರ ಗಿಟಾರಿನ ಹುಡುಗರು ಕುಣಿಸಿದ್ದಕ್ಕೆ ಜೋಖಾ ಚಪ್ಪಲಿಯನ್ನೇ ಕಳೆದುಕೊಂಡಳು. ಕೆಂಡದ ಮೇಲೆ ಸುಟ್ಟ ಆಕ್ಟೋಪಸ್ಸಿಗೆ ನಿಂಬೆಹುಳಿ ಹಿಂಡಿಸಿ, ಖಾರ ಉದುರಿಸಿಕೊಂಡು ತಿಂದೆವು, ಶುಂಠಿ ಹಾಕಿದ ಕಬ್ಬಿನ ಹಾಲು ಕುಡಿದೆವು. ಸಾಲು ಕುರ್ಚಿಗಳ ಆಚೆ ರಿಜಿಕಿ ಹೇಮೆದಿಯ ಪಕ್ಕ ಕೂತಿದ್ದಳು. ಬಡವಾಗಿದ್ದಳು. ಅವಳು ಮುಖ ಸಮುದ್ರದ ಕಡೆ ತಿರುಗಿಸಿಕೊಂಡಳು.

ನಾಲ್ಕರ ನಮಾಜು ಮುಗಿದ ಮೇಲೆ ಬಿ ನಸ್ರಾ ವೇದಿಕೆಗೆ ಬಂದಳು. ಪಿಟೀಲು ಶುರುವಾಯಿತು, ದೋಣಿಯ ಹಾಡೇ! ಮೊದಲ ಚರಣ ಮುಗಿಯುತ್ತಲೇ ಎದ್ದೆ.

ಹಬ್ಬ ಎಂದರೆ ಮದುವೆಯಲ್ಲ ಎಂಬುದು ನನ್ನ ಮಂಡೆಗೆ ಹೊಳೆದೇ ಇರಲಿಲ್ಲ. ವೇದಿಕೆಯ ಮುಂದೆ ದಾರ್ ಪಟ್ಟಣದಿಂದ ಬಂದ ಪಡ್ಡೆಗಳು ಕುಪ್ಪಳಿಸುತ್ತಿದ್ದರು. ಸಾಲು ಗೀಲು ಅವರಿಗೇನು ಗೊತ್ತು!

"ದಾರಿ ಬಿಡ್ರೋ!"

"ಬಾ ಅಜ್ಜಿ, ನೀನೂ ಕುಣಿ!" ಎಂದು ಒಬ್ಬ ನನ್ನ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟ.

"ಬಿಡೋ ಮೂದೇವಿ! ನನ್ ಸಾಲು ಹೋಗ್ತಾ ಇದೆ!"

ಕಾಲು ತಪ್ಪಿದ ಸಾಲು ನನ್ನ ತಲೆಯ ಮೇಲೆಯೇ ದಾಟಿಹೋಯಿತು. ಮೊಣಕೈ ಹಾಕಿ ನುಗ್ಗಿ ವೇದಿಕೆ ಮುಟ್ಟುವಷ್ಟರಲ್ಲಿ ಬಿ ನಸ್ರಾ ಮೂರನೆಯ ಚರಣ ಎತ್ತಿಕೊಂಡಾಗಿತ್ತು: "ಎರಡು ದೋಣಿಗೆ ಕಾಲಿಟ್ಟವನ ಲುಂಗಿ ನೆನೆಯದೇ ಇದ್ದೀತೇ?"

ಇಬ್ಬರು ಹೆಂಡಿರ ಗಂಡನ ಸಾಲು! ಮತ್ತೆ ರಿಜಿಕಿಯ ಮನೆಯ ಮೇಲೆಯೇ! ಬಿ ನಸ್ರಾ ನನ್ನ ಕೈಯಲ್ಲಿ ನೋಟು ಕಂಡು ನಗುತ್ತ ಬಂದು ಅಂಗೈ ಚಾಚಿದಳು, ಸಾಲನ್ನು ಇನ್ನೊಮ್ಮೆ ಎಳೆದು ಹಾಡಿದಳು. ತೋರಿಸಿದ ನೋಟನ್ನು ಕೊಡದೆ ಹಿಂದೆ ತೆಗೆದುಕೊಂಡರೆ ಹಾಡುಗಾತಿಯ ಮುಖಕ್ಕೆ ಉಗಿದ ಹಾಗೆ. ಕೊಟ್ಟರೆ ರಿಜಿಕಿಯನ್ನು ಈ ಜನ್ಮಕ್ಕೆ ಕಳೆದುಕೊಂಡ ಹಾಗೆ. ಪಂಗಾನಿಯ ಹೆಂಗಸರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನಾನು ಕಂಬದಂತೆ ನಿಂತೆ.

ಆಗ ನನ್ನ ಮಣಿಕಟ್ಟನ್ನು ಯಾರೋ ಬಿಗಿಯಾಗಿ ಹಿಡಿದರು. ರಿಜಿಕಿ! ಹೊಡೆಯುತ್ತಾಳೆಂದೇ ಎಣಿಸಿದೆ. ಅವಳು ಸೆರಗಿನ ಗಂಟಿನಿಂದ ತನ್ನದೊಂದು ನೋಟು ತೆಗೆದಳು. ನನ್ನ ಕೈಯನ್ನೂ ತನ್ನ ಕೈಯನ್ನೂ ಸೇರಿಸಿ, ಎರಡೂ ನೋಟುಗಳನ್ನು ಒಟ್ಟಿಗೆ ಬಿ ನಸ್ರಾಳ ಅಂಗೈಗೆ ಒತ್ತಿದಳು.

ಇಬ್ಬರೂ ಸೇರಿ ಕೊಟ್ಟರೆ ಆ ಸಾಲು ತಾಗುವುದು ಯಾರಿಗೆ? ಒಂದು ಗಳಿಗೆ ಬೇಕಾಯಿತು ಜನಕ್ಕೆ. ಆಮೇಲೆ ಎಲ್ಲರ ತಲೆಯೂ ಹೇಮೆದಿಯ ಕಡೆ ಹೊರಳಿತು. ಅವನ ಬಾಯಲ್ಲಿ ಆಕ್ಟೋಪಸ್ಸಿನ ತುಂಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದ್ದು ಅಲ್ಲೇ ಕಡಲು ಸೇರುವ ನದಿಯ ಆಚೆ ದಡದವರೆಗೂ ಕೇಳಿಸಿರಬೇಕು.

ರಿಜಿಕಿ ನನ್ನನ್ನು ಎಳೆದುಕೊಂಡು ನೀರಿನ ಅಂಚಿಗೆ ಬಂದಳು. ನಾನು ಬಡಬಡಿಸತೊಡಗಿದೆ, "ರಿಜಿಕಿ, ದೇವರಾಣೆ, ನಾನು ಎರಡನೇ ಚರಣಕ್ಕೆ ಅಂತ ಎದ್ದಿದ್ದು ಕಣೇ. ಅವತ್ತೂ ಅಷ್ಟೇ, ಮದುವೇಲೂ ನಾನು ಆ ಸಾಲನ್ನ—"

"ಕೇಳಿಸ್ಕೊಂಡಿರ್ಲಿಲ್ಲ. ಗೊತ್ತು ಸುಮ್ನಿರೇ ತತು. ಅವತ್ತೇ ಗೊತ್ತಿತ್ತು. ಅಡುಗೆ ಹೊಗೆಯಿಂದ ಎದ್ದು ಬಂದವಳು ನೀನು, ಕಣ್ಣು ಕೆಂಪಗಿತ್ತು."

"ಗೊತ್ತಿತ್ತಾ? ಗೊತ್ತಿದ್ದೂ ಏಳು ವರ್ಷ? ನನ್ ಗಂಡ ಸತ್ತಾಗ್ಲೂ ಬರ್ಲಿಲ್ವಲ್ಲೇ ಪಾಪಿ!"

ಅವಳು ತಲೆ ತಗ್ಗಿಸಿದಳು. "ಯಾರ ಮೇಲಾದ್ರೂ ಸಿಟ್ಟು ಮಾಡ್ಕೋಬೇಕಿತ್ತು ಕಣೇ. ಅವನ ಮೇಲೆ ಮಾಡ್ಕೊಂಡಿದ್ರೆ ತಲಾಖ್ ಕೊಟ್ಟು ಕಳಿಸ್ತಿದ್ದ. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ? ನಿನ್ನ ಮೇಲೆ ಮಾಡ್ಕೊಂಡ್ರೆ ನೀನು ಎಲ್ಲಿಗೂ ಓಡಿ ಹೋಗಲ್ಲ ಅಂತ ಧೈರ್ಯ ಇತ್ತು."

ಕೆನ್ನೆಗೆ ಎರಡು ಬಾರಿಸಬೇಕೆನಿಸಿತು ನನಗೆ. ಕೈಯನ್ನೂ ಎತ್ತಿದೆ. ಆದರೆ ಅವಳ ಕೆನ್ನೆ ಆಗಲೇ ಒದ್ದೆಯಾಗಿತ್ತು, ಒರೆಸಿದೆ.