ಸುಳಿ ಕಾಣದ ನೀರು

ಅಪ್ಪ ಹೋಗಿ ನಲವತ್ತೊಂದು ದಿನವಾದರೂ ಮಾನಸಾಳ ಕಣ್ಣಿಂದ ಒಂದು ಹನಿ ನೀರು ಬಿದ್ದಿರಲಿಲ್ಲ. ಊರು ಸುಮ್ಮನಿರುತ್ತದೆಯೇ? ಮೊದಲ ವಾರ ‘ಪಾಪ, ಕಲ್ಲಾಗೋಗವ್ಳೆ’ ಅಂದಿತು. ಆಮೇಲೆ ‘ಓದಿದೋರ ಎದೆನೇ ಅಷ್ಟು ಬುಡು’ ಅಂದಿತು. ಎರಡೂ ಅವಳ ಕಿವಿಗೆ ಬಿದ್ದವು, ಯಾವುದೂ ನಾಟಲಿಲ್ಲ. ಏಳುತ್ತಿದ್ದಳು, ಅವ್ವ ಹನುಮಂತಮ್ಮ ಇಟ್ಟ ಮುದ್ದೆ ನುಂಗುತ್ತಿದ್ದಳು, ಸಿ.ಎಸ್. ಪುರದ ಹೈಸ್ಕೂಲಿಗೆ ಹೋಗಿ ಒಂಬತ್ತನೇ ಕ್ಲಾಸಿಗೆ ಇಂಗ್ಲಿಷ್ ಪಾಠ ಮಾಡಿ ಬರುತ್ತಿದ್ದಳು.

ಆ ಶುಕ್ರವಾರದ ಪಾಠ, ಹರಿಯುವುದಕ್ಕೂ ಸುತ್ತುವುದಕ್ಕೂ ಇಂಗ್ಲಿಷಿನಲ್ಲಿರುವ ಪದಗಳು. ಫ್ಲೋ, ಟ್ರಿಕಲ್, ಗಷ್, ವರ್ಲ್, ಸ್ವರ್ಲ್, ಎಡ್ಡಿ. ನೀರು ಹೇಗೆ ಹೊರಳಿದರೂ ಅದಕ್ಕೊಂದು ಹೆಸರಿಟ್ಟು ಕೂತಿದ್ದಾರಲ್ಲ, ಆ ಜನಕ್ಕೆ ಹೊಲ ಮನೆ ಕೆಲಸ ಇರಲಿಲ್ಲವೇನೋ! ಮಾನಸಾ ಬೋರ್ಡಿನ ಮೇಲೆ ಎಲ್ಲವನ್ನೂ ಸಾಲಾಗಿ ಬರೆದು, ‘ದಿನಾ ಕಾಣೋದ್ರಲ್ಲೇ ಉದಾಹರಣೆ ಹೇಳಿ’ ಅಂದಳು.

‘ನಮ್ಮನೆ ನಲ್ಲಿ ಟ್ರಿಕಲ್, ಮಿಸ್!’

‘ಬೋರ್‌ವೆಲ್ ಪೈಪ್ ಕಿತ್ಕೊಂಡ್ರೆ ಗಷ್!’

‘ತುಮಕೂರು ಬೇಕರೀಲಿ ಕೋನ್ ಮೇಲೆ ಐಸ್‌ಕ್ರೀಮ್ ಸುತ್ತಿ ಸುತ್ತಿ ಬುಡ್ತಾರಲ್ಲ, ಅದು ಸ್ವರ್ಲ್!’

‘ನಮ್ಮಜ್ಜಿ ಮೈಮ್ಯಾಲೆ ದ್ಯಾವ್ರು ಬಂದ್ರೆ ವರ್ಲ್, ಮಿಸ್!’

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಮಾನಸಾ ಕೂಡ ಎಷ್ಟು ಬೇಕೋ ಅಷ್ಟು ತುಟಿ ಅಗಲಿಸಿದಳು.

‘ಎಡ್ಡಿಗೆ?’

ಕೊನೇ ಬೆಂಚಿನಲ್ಲಿ ಒಬ್ಬಳೇ ಕೂತಿದ್ದ ಬಿಂದುಶ್ರೀ ಎದ್ದು ನಿಂತಳು. ತಿಂಗಳಿಂದ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ‘ತೂಬಿನ ಮುಂದೆ ಬರೋ ಸುಳಿ, ಮಿಸ್’ ಅಂದಳು. ಎಲ್ಲರೂ ಮಾನಸಾಳ ಮುಖ ನೋಡಿದರು.

ಬಿಂದುಶ್ರೀಯ ತಾತ ರಾಮಾಂಜಿನಯ್ಯ, ಮಾನಸಾಳ ಅಪ್ಪ ಚಿಕ್ಕಬೀರಯ್ಯ, ಇಬ್ಬರೂ ಊರಿನ ನೀರುಗಂಟಿಗಳು. ಕೆರೆಯ ತೂಬು ತೆರೆದು ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವುದು ಅವರ ತಲೆಮಾರಿನ ಕೆಲಸ. ತೂಬಿನ ಬಾಯಿಗೆ ಜೊಂಡು ಸಿಕ್ಕಿಕೊಂಡರೆ ಒಬ್ಬ ಏರಿಯ ಹಿಂದೆ, ಕೆಳಗೆ ಕಾಲುವೆ ಕಡೆ, ಚಕ್ರ ತಿರುಗಿಸಿ ಬಾಗಿಲು ಮುಚ್ಚಬೇಕು. ಇನ್ನೊಬ್ಬ ಕೆರೆಗೆ ಇಳಿದು ಜೊಂಡು ಕೀಳಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೇ ಏರಿಯ ಮೇಲೊಬ್ಬರು ನಿಂತು ಈಚೆಯ ಕೂಗನ್ನು ಆಚೆ ಮುಟ್ಟಿಸಬೇಕು. ಕೆಳಗಿನಿಂದ ‘ಬಿಗಿಯಾಯ್ತು’ ಅನ್ನುವವರೆಗೆ ನೀರಿಗೆ ಕಾಲಿಡಬಾರದು, ಬಾಗಿಲು ತೆರೆದಿದ್ದರೆ ಸುಳಿ ಆಳನ್ನೇ ಒಳಕ್ಕೆಳೆಯುತ್ತದೆ.

ಅಪ್ಪ ಹೋದ ದಿನ ಏರಿಯ ಮೇಲಿದ್ದವಳು ಮಾನಸಾ. ಗೆಳತಿಯ ಮದುವೆಗೆಂದು ಕುಣಿಗಲ್ಲಿಗೆ ಹೊರಟಿದ್ದಳು, ಬಸ್ಸಿಗೆ ಹೊತ್ತಾಗಿತ್ತು, ಮೈಮೇಲೆ ರೇಷ್ಮೆ ಸೀರೆ ಬೇರೆ. ಕೆಳಗಿನಿಂದ ರಾಮಾಂಜಿನಯ್ಯ ‘ತಡಿಯವ್ವ, ಇನ್ನೂ ನಾಕ್ ಸುತ್ತು ಐತೆ’ ಅಂತ ಕೂಗಿದ. ಅವಳು ಕೆರೆಯ ಕಡೆ ತಿರುಗಿ ನೋಡಿದಳು. ತೂಬಿನ ಮುಂದೆ ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತಿತ್ತು. ಸುಳಿ ಇಲ್ಲ ಅಂದರೆ ತೂಬು ಮುಚ್ಚಿದೆ ಅಂತ, ಅದು ಆ ಊರಿನ ಕೂಸಿಗೂ ಗೊತ್ತು. ‘ಸುಳಿ ಇಲ್ಲ ಕಣಪ್ಪ, ಇಳಿ’ ಅಂದಳು.

ಜೊಂಡು ಅಷ್ಟು ಬಿಗಿದಿತ್ತು, ಅದಕ್ಕೇ ಸುಳಿ ಎದ್ದಿರಲಿಲ್ಲ. ಅಪ್ಪ ಅದನ್ನು ಕಿತ್ತ. ಕಿತ್ತ ಮೇಲೆ ಸುಳಿ ಬಂತು.

ಊರವರು ಸೇರಿದಾಗ ರಾಮಾಂಜಿನಯ್ಯ ಎದೆ ಬಡಿದುಕೊಂಡು, ‘ನಾನು ತಡಿ ಅಂದಿದ್ದೆ ಕಣ್ರಪ್ಪೋ’ ಅಂದ. ಎಲ್ಲರೂ ಮಾನಸಾಳ ಕಡೆ ತಿರುಗಿದರು. ‘ನಂಗೆ ಕೇಳಿಸ್ಲಿಲ್ಲ’ ಅಂದಳು. ಅಷ್ಟೇ ಅಂದದ್ದು. ಆ ಮುದುಕ ಅವಳ ಮುಖವನ್ನೇ ನೋಡಿದ, ಆಮೇಲೆ ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಊರು ತಪ್ಪನ್ನೆಲ್ಲ ಅವನ ತಲೆಗೇ ಕಟ್ಟಿತು. ಬರುವ ಸೋಮವಾರ ಊರು ಸೇರಿ ಅವನ ಕೈಯಿಂದ ತೂಬಿನ ಚಕ್ರದ ಹಿಡಿ ಕಿತ್ತುಕೊಳ್ಳುವುದಿತ್ತು. ನೀರುಗಂಟಿಯ ಹಿಡಿ ಕಿತ್ತುಕೊಂಡ ಮೇಲೆ ಉಳಿಯುವುದೇನು, ಮಣ್ಣು?

ಬಿಂದುಶ್ರೀ ಇನ್ನೂ ನಿಂತೇ ಇದ್ದಳು. ‘ಸರಿಯಾಗಿ ಹೇಳ್ದೆ, ಕೂತ್ಕೊ’ ಅಂದು ಮಾನಸಾ ಬೋರ್ಡಿಗೆ ತಿರುಗಿದಳು.

ಅವಳ ಕ್ಲಾಸಿಗೊಂದು ಕಟ್ಟಳೆಯಿತ್ತು. ಬೋರ್ಡಿನ ವಾಕ್ಯವನ್ನು ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು, ಕೆಳಗೆ ಕನ್ನಡದ ಅರ್ಥ ಬರೆಯಬೇಕು, ಸಂಜೆ ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ ಸೈನು ಹಾಕಿಸಿಕೊಂಡು ಬರಬೇಕು. ಹೆಬ್ಬೆಟ್ಟಾದರೂ ಸರಿ. ಹೀಗೆ ವರ್ಷದಿಂದ ಅವಳು ಬರೆದದ್ದೆಲ್ಲ ಮೂವತ್ತೆಂಟು ಮನೆಗಳಲ್ಲಿ ಓದಿಸಿಕೊಳ್ಳುತ್ತಿತ್ತು.

ಈಗ ಸೀಮೆಸುಣ್ಣ ತೆಗೆದುಕೊಂಡು ಬರೆದಳು: ‘ದೇರ್ ವಾಸ್ ನೋ ಎಡ್ಡಿ. ರಾಮಾಂಜಿನಯ್ಯ ಸೆಡ್, ವೇಟ್. ಐ ಹರ್ಡ್ ಹಿಮ್. ಐ ಟೋಲ್ಡ್ ಮೈ ಫಾದರ್ ಟು ಗೋ ಡೌನ್.’ ಮಕ್ಕಳಿಗೆ ತಪ್ಪು ಅರ್ಥ ಬರೆಯಲು ದಾರಿಯೇ ಇರಬಾರದೆಂದು ಕನ್ನಡವನ್ನೂ ತಾನೇ ಬರೆದಳು: ಸುಳಿ ಇರಲಿಲ್ಲ. ರಾಮಾಂಜಿನಯ್ಯ ತಡಿ ಅಂದರು. ನನಗೆ ಕೇಳಿಸಿತು. ನಾನೇ ನನ್ನಪ್ಪನಿಗೆ ಇಳಿ ಅಂದೆ.

‘ಬರ್ಕೊಳಿ’ ಅಂದಳು. ಬಿಂದುಶ್ರೀ ಎರಡು ಸಲ ಓದಿ, ತಲೆ ತಗ್ಗಿಸಿ ಬರೆದುಕೊಂಡಳು. ಅವಳ ಅಕ್ಷರದ ಮೇಲೆ ಕಣ್ಣೀರು ಬಿದ್ದು ಶಾಯಿ ಹರಡಿತು. ಮಾನಸಾ ನೋಡಿದಳು, ತನಗೇನೂ ಆಗಲಿಲ್ಲ.

ಅವಳು ಬಸ್ಸಿಳಿದು ಊರು ಸೇರುವ ಹೊತ್ತಿಗೆ ಸುದ್ದಿ ಮೊದಲೇ ಮನೆ ಸೇರಿತ್ತು. ಪಕ್ಕದ ಮನೆ ಹುಡುಗಿ ಹನುಮಂತಮ್ಮನ ಮುಂದೆ ನಿಂತು ಓದಿ ಹೋಗಿದ್ದಳು. ಅವ್ವ ಒಲೆಯ ಮುಂದೆ ಕೂತಿದ್ದಳು, ಒಲೆ ಹಚ್ಚಿರಲಿಲ್ಲ.

‘ನಿನ್ ಬುಕ್ ತತ್ತಾ’ ಅಂದಳು.

ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ತಾನೂ ಇಳಿಸಿಕೊಳ್ಳುತ್ತಿದ್ದ ಪಾಠದ ಪುಸ್ತಕವನ್ನು ಮಾನಸಾ ಬ್ಯಾಗಿನಿಂದ ತೆಗೆದಳು.

‘ಓದು. ನಮ್ಮಾತ್ನಾಗೆ ಓದು.’

ಓದಿದಳು. ‘ನಾನೇ ನನ್ನಪ್ಪನಿಗೆ ಇಳಿ ಅಂದೆ’ ಅನ್ನುವವರೆಗೂ ಓದಿ ಮುಗಿಸಿದಳು.

ಹನುಮಂತಮ್ಮ ಪಾತ್ರೆಯ ತಳದ ಮಸಿಗೆ ಹೆಬ್ಬೆಟ್ಟು ತಿಕ್ಕಿದಳು. ಪುಸ್ತಕವನ್ನು ನೆಲದ ಮೇಲಿಟ್ಟು, ಆ ಸಾಲಿನ ಕೆಳಗೆ ಬೆರಳು ಬೆಳ್ಳಗಾಗುವಷ್ಟು ಒತ್ತಿದಳು.

‘ಕೇಳ್ದೆ ಅಂತ ಒತ್ತಿದೀನಿ. ಹೊಟ್ಟೆಗ್ ಹಾಕ್ಕಂಡೆ ಅಂತ ಅಲ್ಲ ಕಣೇ’ ಅಂದಳು. ಸೆರಗಿನಿಂದ ಬೆರಳು ಒರೆಸಿಕೊಂಡು ಎದ್ದಳು. ‘ನಡಿ ಈಗ. ರಾಮಾಂಜಿನಯ್ಯನ್ ಮನೆಗ್ ಹೋಗ್ಬೇಕು. ಅಲ್ಲೂ ನಿನ್ ಬಾಯಾಗೇ ಹೇಳು.’

ಹೊಸಿಲು ದಾಟುವಾಗ ಅವ್ವ ಅವಳ ರಟ್ಟೆ ಹಿಡಿದಿದ್ದಳು, ಗಟ್ಟಿಯಾಗಿ, ನೋಯುವ ಹಾಗೆ. ನಲವತ್ತೊಂದು ದಿನದಲ್ಲಿ ಮಾನಸಾಳಿಗೆ ಮೊದಲ ಸಲ ಏನೋ ನೋವಾಯಿತು. ಬೀದಿಯ ನಡುವೆಯೇ, ಎಲ್ಲರೂ ನೋಡುತ್ತಿದ್ದ ಹಾಗೆ, ‘ಅಪ್ಪಾ’ ಅಂತ ಅತ್ತಳು. ಅವ್ವ ನಿಲ್ಲಲಿಲ್ಲ, ರಟ್ಟೆಯನ್ನೂ ಬಿಡಲಿಲ್ಲ.