ಎಣಿಕೆ ಸರಿಯಿದ್ದರೂ ನಿಲ್ಲದ ರಕ್ತ

ಬಿಳಗಿಯ ಗಂಗೆಯ ಮಗಳು ದಿವ್ಯಾಳಿಗೆ ಹನ್ನೊಂದು ವರ್ಷ. ಮೂಗಿನಿಂದ ರಕ್ತ ಬರಲು ಶುರುವಾದರೆ ಅರ್ಧ ದಿನವಾದರೂ ನಿಲ್ಲುತ್ತಿರಲಿಲ್ಲ. ಶಾಲೆಯ ಬೆಂಚಿಗೆ ಮೊಣಕೈ ತಾಗಿದರೂ ನೀಲಿ ಕಲೆ ಏಳುತ್ತಿತ್ತು. 2003ರ ಬೇಸಿಗೆಯಲ್ಲಿ ಕೊನೆಯ ಹಾಲುಹಲ್ಲು ಬಿದ್ದಾಗ ಹುಡುಗಿ ಎರಡು ದಿನ ರಕ್ತ ಉಗುಳಿದಳು. ಸಿದ್ದಾಪುರದಲ್ಲಿ ಒಮ್ಮೆ, ಶಿರಸಿಯಲ್ಲಿ ಎರಡು ಸಲ ರಕ್ತಪರೀಕ್ಷೆಯಾಯಿತು. ಮೂರು ಚೀಟಿಯಲ್ಲೂ ಒಂದೇ ಮಾತು: ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿದೆ.

"ಎಣಿಕೆ ಸರಿ ಅದೆ ಅಂದ್ಮೇಲೆ ಇನ್ನೆಂತ ಪರೀಕ್ಷೆ?" ಎಂದಳು ಪಾರ್ವತವ್ವ. ಅವಳು ಗಂಗೆಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಗಂಗೆಯನ್ನು ಸೋದರಮಾವ ರಾಘುವಿಗೇ ಕೊಟ್ಟಿದ್ದರು. "ಕೂಸಿಗೆ ದೃಷ್ಟಿ ತಾಗಿದ್ದು. ಇದ್ದ ರಕ್ತಾನೂ ಸೂಜಿ ಹಾಕಿ ತೆಗೆದ್ರೆ ಮೈಯಲ್ಲಿ ಎಂತ ಉಳೀತದೆ?"

ಗಂಗೆಗೆ ಸಮಾಧಾನವಾಗಲಿಲ್ಲ. ಎಲ್ಲ ಸರಿಯಿದ್ದರೆ ರಕ್ತ ನಿಲ್ಲಬೇಕಲ್ಲ? ಆರೋಗ್ಯ ಸಹಾಯಕಿ ಪರಿಮಳಾ ಮನೆಗೆ ಬಂದಾಗ ಅದನ್ನೇ ಕೇಳಿದಳು.

"ಸರಿಯಾದ ಪ್ರಶ್ನೆ ಕೇಳ್ದೆ ಗಂಗೆ," ಎಂದಳು ಪರಿಮಳಾ. "ಗಾಯ ಆದಾಗ ಪ್ಲೇಟ್‌ಲೆಟ್ ಅನ್ನೂ ಸಣ್ಣ ಕಣಗಳು ಒಂದರ ಕೈ ಒಂದು ಹಿಡ್ಕೊಂಡು ತೂತು ಮುಚ್ಚಬೇಕು. ತಲೆ ಎಣಿಸಿದ್ರೆ ಎಷ್ಟು ಕಣ ಅಂತ ಗೊತ್ತಾಗ್ತದೆ. ಅವಕ್ಕೆ ಕೈ ಅದೆಯೋ ಇಲ್ಲವೋ ಗೊತ್ತಾಗೂದಿಲ್ಲ."

"ಕಣ್ಣಿಗೇ ಕಾಣದ ಕಣಕ್ಕೆ ಕೈ ಅಂತೆ! ಕಂಡವ್ರು ಯಾರು?" ಪಾರ್ವತವ್ವ ನಕ್ಕಳು.

"ಕಾಣೂ ಹಾಗೆ ಮಾಡೂ ಯಂತ್ರ ಬಂದದೆ ಅವ್ವ. ಫ್ಲೋ ಸೈಟೋಮೆಟ್ರಿ ಅಂತಾರೆ."

ಶಿರಸಿಯ ವೈದ್ಯರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಪತ್ರ ಬರೆದುಕೊಟ್ಟರು. ರಕ್ತ ಹಳತಾದರೆ ಪರೀಕ್ಷೆ ಕೆಡುತ್ತದೆ, ಹುಡುಗಿಯೇ ಹೋಗಬೇಕು, ತಂದೆ ತಾಯಿಯೂ ಜೊತೆಗಿರಲಿ ಎಂದರು. ಪಾರ್ವತವ್ವನೂ ಹೊರಟಳು. ಆ ಕೈಯನ್ನು ಅವಳು ತಾನೇ ನೋಡಬೇಕಿತ್ತು.

ಪ್ರಯೋಗಾಲಯದ ಶ್ರೀವಾಣಿ ಯಲ್ಲಾಪುರದ ಕಡೆಯವಳು. ಊರಿನ ಮಾತು ಕಿವಿಗೆ ಬಿದ್ದದ್ದೇ ನಾಲ್ವರನ್ನೂ ಒಳಗೆ ಕರೆದು ಒಂದು ಪುಟ್ಟ ಬಾಟಲಿ ತೋರಿಸಿದಳು. "ಇದು ಪ್ರತಿಕಾಯ. ಪ್ಲೇಟ್‌ಲೆಟ್ ಮೈಮೇಲೆ ಆ ಕೈ ಕಂಡ್ರೆ ಹೋಗಿ ಅಂಟ್ಕೊಳ್ತದೆ. ಇದಕ್ಕೆ ಹೊಳೆಯೂ ಬಣ್ಣ ಸೇರಿಸಿದ್ದಾರೆ. ಯಂತ್ರದ ಒಳಗೆ ಕಣಗಳು ಒಂದರ ಹಿಂದೆ ಒಂದು ಬೆಳಕಿನ ಎದುರು ಹಾಯ್ತವೆ. ಕೈ ಇದ್ದದ್ದು ಹೊಳೀತದೆ."

"ಬೇರೆ ಯಾವ್ದಕ್ಕೂ ಅಂಟೂದಿಲ್ವ?" ಗಂಗೆ ಕೇಳಿದಳು.

"ಇಲ್ಲ. ಒಂದೊಂದು ಗುರುತಿಗೂ ಒಂದೊಂದು ಪ್ರತಿಕಾಯ ಬೇರೆ ಅದೆ."

"ಹಂಗಾರೆ ಮೊದ್ಲು ನಿಂದು ಹಾಕು ನೋಡ್ವ," ಎಂದಳು ಪಾರ್ವತವ್ವ.

ಶ್ರೀವಾಣಿ ನಕ್ಕಳು. "ಹೋಲಿಸಿ ನೋಡಲಿಕ್ಕೆ ಆರೋಗ್ಯವಂತರ ರಕ್ತ ಹೇಗೂ ಬೇಕು. ಇವತ್ತು ನಂದೇ ಆಗ್ಲಿ."

ದಿವ್ಯಾ, ಗಂಗೆ, ರಾಘು ಮೂವರ ರಕ್ತವನ್ನೂ ತೆಗೆದು ಯಂತ್ರಕ್ಕೆ ಹಾಕಿದಳು. ಪರದೆಯ ಮೇಲೆ ಶ್ರೀವಾಣಿಯ ರಕ್ತದ ಗೆರೆ ಬಲಗಡೆ ಗುಡ್ಡದಂತೆ ಎದ್ದಿತು. ಬಲಕ್ಕೆ ಹೋದಷ್ಟೂ ಹೊಳಪು ಹೆಚ್ಚು. ರಾಘುವಿನ ಗುಡ್ಡ, ಗಂಗೆಯ ಗುಡ್ಡ ಎರಡೂ ಅಷ್ಟು ದೂರ ಹೋಗಲಿಲ್ಲ, ಹೊಳಪು ಸುಮಾರು ಅರ್ಧ. ದಿವ್ಯಾಳದ್ದು ಎಡತುದಿಯಲ್ಲೇ ನಿಂತಿತು. ಮತ್ತೊಂದು ಗುರುತಿನ ಪ್ರತಿಕಾಯ ಹಾಕಿದಾಗ ಮಾತ್ರ ಅವಳ ಕಣಗಳೂ ಉಳಿದವರ ಕಣಗಳಂತೆ ಹೊಳೆದವು.

"ಕಣ ಇದ್ದಾವೆ. ಹಿಡ್ಕೊಳ್ಳೂ ಕೈ ಒಂದೇ ಇಲ್ಲ," ಎಂದಳು ಗಂಗೆ ಮೆಲ್ಲಗೆ. ಮೂರು ಚೀಟಿ ಹೇಳದ್ದು ಈಗ ತಿಳಿಯಿತು. ಮರುಕ್ಷಣ ಪರದೆಯ ಮೇಲಿನ ತನ್ನ ಅರ್ಧ ಹೊಳಪಿನ ಗುಡ್ಡದತ್ತ ಬೆರಳು ತೋರಿಸಿದಳು. "ಹಂಗಾರೆ ನನ್ನಿಂದ ಬಂತಾ?"

"ಅರ್ಧ ನಿಮ್ಮಿಂದ, ಅರ್ಧ ಅವರಿಂದ," ಎಂದರು ಅಲ್ಲಿಯ ವೈದ್ಯೆ. "ಅರ್ಧದಷ್ಟು ಕೈ ಇದ್ದರೂ ರಕ್ತ ನಿಲ್ಲುತ್ತದೆ, ಇಬ್ಬರ ಕೊರತೆಯೂ ಸೇರಿದ್ದರಿಂದ ಇವಳಿಗೆ ಒಂದೂ ಇಲ್ಲ. ಇದು ಯಾರ ತಪ್ಪೂ ಅಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ಕೊರತೆ ಇರುವುದು ಹೆಚ್ಚು."

ಪಾರ್ವತವ್ವನ ಮುಖ ಬಾಡಿತು. "ಹಟ ಮಾಡಿ ಕೊಡಿಸಿದ್ದು ನಾನೇ."

"ಆಗ ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಇನ್ನು ಮುಂದೆ ಇವಳನ್ನು ನೋಡಿಕೊಳ್ಳಿ," ಎಂದ ವೈದ್ಯೆ ದಿವ್ಯಾಳ ಹೆಸರಿನಲ್ಲಿ ಒಂದು ಕಾರ್ಡು ಬರೆದರು. ಕಾಯಿಲೆ ಹುಟ್ಟಿನಿಂದಲೇ ಬಂದದ್ದು, ಬಿಟ್ಟುಹೋಗದು. ಆದರೆ ಶಾಲೆ ಬಿಡಬೇಕಿಲ್ಲ. ಕೇಳದೆ ನೋವಿನ ಮಾತ್ರೆ ನುಂಗಬಾರದು, ಕೆಲವು ಮಾತ್ರೆಗಳಿಂದ ರಕ್ತ ಇನ್ನೂ ಹೆಚ್ಚು ಹೋಗುತ್ತದೆ. ಹಲ್ಲು ಕೀಳುವ ಮೊದಲು ಕಾರ್ಡು ತೋರಿಸಬೇಕು. ಮುಟ್ಟು ಶುರುವಾದಾಗ ವೈದ್ಯರಿಗೆ ತಿಳಿಸಬೇಕು.

ಮರುವರ್ಷ ದಿವ್ಯಾ ದೊಡ್ಡವಳಾದಳು. ಮೂರನೆಯ ದಿನವೂ ರಕ್ತ ಧಾರಾಳವಾಗಿ ಹೋಗುತ್ತಿತ್ತು, ಹುಡುಗಿ ಬಿಳಿಚಿಕೊಂಡಿದ್ದಳು. ಪಕ್ಕದ ಮನೆಯ ನೀಲಗಂಗವ್ವ ಹೊಟ್ಟೆನೋವಿಗೆಂದು ಮಾತ್ರೆ ತಂದಳು. "ಮೊದ್ಲ ಸಲ ಹೀಂಗೇ. ಇದು ನುಂಗಿ ಮಲಗ್ಲಿ."

ಪಾರ್ವತವ್ವ ಅವಳ ಕೈ ತಡೆದಳು. "ಬ್ಯಾಡ! ನಮ್ಮ ಕೂಸಿನ ರಕ್ತ ಎಂಥದ್ದು ಅಂತ ನಾನೇ ಕಣ್ಣಾರೆ ನೋಡಿ ಬಂದೆ. ರಾಘು, ಜೀಪು ಕರಿ. ಗಂಗೆ, ಕಾರ್ಡು ತಗೋ."

ಶಿರಸಿಯ ವೈದ್ಯರು ಕಾರ್ಡು ಓದಿ, ಕೂಡಲೇ ಔಷಧಿ ಕೊಟ್ಟು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ದಾನಿಗಳ ಪ್ಲೇಟ್‌ಲೆಟ್ ಏರಿಸಿದ ಮೇಲೆ ರಕ್ತ ನಿಂತಿತು. ಹದಿನೈದು ದಿನಕ್ಕೆ ದಿವ್ಯಾ ಶಾಲೆಗೆ ಹೋದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಸಣ್ಣ ಗಾಯದ ರಕ್ತ ನಿಲ್ಲದ, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವ ಮಕ್ಕಳಿದ್ದಾರೆಯೇ? ಎಣಿಕೆ ಸರಿಯಿದೆ ಎಂಬ ಚೀಟಿ ನೋಡಿ ಸುಮ್ಮನಾಗಬೇಡಿ. "ಹಾಗಾದರೆ ರಕ್ತ ಯಾಕೆ ನಿಲ್ಲುವುದಿಲ್ಲ?" ಎಂದು ವೈದ್ಯರನ್ನು ಕೇಳಿ. ಉತ್ತರ ಸಿಗುವವರೆಗೂ ಕೇಳಿ.